ಉಪಗ್ರಹ ಸ್ಥಾನನಿರ್ಣಯ ಮತ್ತು ಜಾನಪದ ಕ್ಷೇತ್ರಕಾರ್ಯ

ವೀರಗಲ್ಲು, ಮಾಸ್ತಿಗಲ್ಲು, ದೇವರಕಾಡುಗಳ ನೆಲೆಯನ್ನು ಊರವರು ಹೇಳುವ ಗುರುತುಗಳಿಂದ ದಾಖಲಿಸುವುದು ಜಾನಪದ ಕ್ಷೇತ್ರಕಾರ್ಯದ ರೂಢಿ. ಕೆರೆಯ ಏರಿ, ಆಲದ ಮರ, ಕಾಲುದಾರಿಗಳು ಅಳಿದರೆ ಅಂತಹ ದಾಖಲೆಯಿಂದ ಸ್ಥಳವನ್ನು ಮರಳಿ ಗುರುತಿಸುವುದು ಕಷ್ಟ. ಇಲ್ಲಿ ಉಪಗ್ರಹ ಸ್ಥಾನನಿರ್ಣಯವು ನೆರವಾಗಬಲ್ಲದು. ಆದರೆ ಅದರ ಮಿತಿಯ ಅರಿವು ಅಗತ್ಯ.

ಈ ತಂತ್ರದಲ್ಲಿ ನೇರವಾಗಿ ಅಳೆಯಲ್ಪಡುವುದು ಕಾಲ. ಉಪಗ್ರಹದ ರೇಡಿಯೋ ಸಂಕೇತವು ಗ್ರಾಹಕವನ್ನು ತಲುಪಲು ಹಿಡಿದ ಕಾಲವನ್ನು ಬೆಳಕಿನ ವೇಗದಿಂದ ಗುಣಿಸಿದರೆ ದೂರ ದೊರೆಯುತ್ತದೆ. ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಷ್ಟು ತಪ್ಪಿದರೂ ದೂರದಲ್ಲಿ ಸುಮಾರು 300 ಮೀಟರ್ ವ್ಯತ್ಯಾಸವಾಗುತ್ತದೆ. ಆದುದರಿಂದಲೇ ಉಪಗ್ರಹಗಳಲ್ಲಿ ಪರಮಾಣು ಗಡಿಯಾರಗಳಿವೆ. ಗ್ರಾಹಕದ ಸಾಧಾರಣ ಗಡಿಯಾರದ ದೋಷವನ್ನೂ ಲೆಕ್ಕಹಾಕಬೇಕಾದುದರಿಂದ ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಬೇಕು.

ಅಮೆರಿಕದ ಜಿಪಿಎಸ್ ವ್ಯವಸ್ಥೆಯಲ್ಲಿ 2000ದ ಮೇ ಆರಂಭದವರೆಗೆ ನಾಗರಿಕ ಸಂಕೇತಕ್ಕೆ ಉದ್ದೇಶಪೂರ್ವಕವಾಗಿ ದೋಷವನ್ನು ಬೆರೆಸಲಾಗುತ್ತಿತ್ತು. ಇದರಿಂದ ಸುಮಾರು 100 ಮೀಟರ್‌ವರೆಗೆ ಸ್ಥಾನ ತಪ್ಪುತ್ತಿತ್ತು. ಆ ಕಾಲದ ಒಂದೇ ಅಳತೆಯಿಂದ ಏರಿಯ ಮೇಲಿನ ಕಲ್ಲನ್ನೂ ಕೆಳಗಿನ ಗದ್ದೆಯ ಕಲ್ಲನ್ನೂ ಬೇರ್ಪಡಿಸಲಾಗದು. ದೇವರಕಾಡಿನಂತಹ ದಟ್ಟ ಮರಗಳ ಮರೆಯಲ್ಲಿ ಇಂದಿಗೂ ದೋಷ ಹೆಚ್ಚುತ್ತದೆ.

ಆದಕಾರಣ ಅಕ್ಷಾಂಶ ರೇಖಾಂಶಗಳೊಡನೆ ಅಳತೆಯ ದಿನಾಂಕ, ಉಪಕರಣ, ದೋಷದ ಅಂದಾಜುಗಳನ್ನು ನಮೂದಿಸತಕ್ಕದ್ದು. ಊರವರ ಗುರುತುಗಳನ್ನೂ ಸ್ಥಳನಾಮಗಳನ್ನೂ ಕೈಬಿಡಲಾಗದು. ಆ ಕಲ್ಲು ಅಲ್ಲಿ ಏಕೆ ನಿಂತಿದೆ ಎಂಬುದಕ್ಕೆ ಆಧಾರ ದೊರೆಯುವುದು ಅವುಗಳಲ್ಲಿ. ನಿಧಿಗಳ್ಳರ ಭಯವಿರುವೆಡೆ ನಿಖರ ಅಂಕಿಗಳನ್ನು ಪ್ರಕಟಿಸದೆ ಸಂಗ್ರಹದ ಮೂಲಪ್ರತಿಯಲ್ಲಷ್ಟೇ ಇರಿಸುವುದು ಲೇಸು.