ಕಂಬಳಿ ತಿನ್ನುವ ಕಂಬಳಿಹುಳು

ಕಂಬಳಿಹುಳುವೆಂದು ನಾವು ಕರೆಯುವ ಪ್ರಾಣಿಗೂ ಕಂಬಳಿಗೂ ರೂಪಸಾಮ್ಯವೊಂದನ್ನುಳಿದು ಬೇರೆ ಯಾವ ಸಂಬಂಧವೂ ಇಲ್ಲ. ಅದು ನುಗ್ಗೆಯಂತಹ ಮರಗಳ ಮೇಲೆ ಹುಟ್ಟಿ, ಎಲೆಯನ್ನು ತಿಂದು ಬೆಳೆದು, ಪತಂಗವಾಗಿ ಹಾರಿಹೋಗುತ್ತದೆ. ಆದರೆ ಮೈತುಂಬ ಕೂದಲುಳ್ಳ, ನಿಜವಾಗಿಯೂ ಕಂಬಳಿಯನ್ನೇ ತಿಂದು ಬದುಕುವ ಇನ್ನೊಂದು ಹುಳುವುಂಟು. ಅದು ಒಂದು ಪುಟ್ಟ ಜೀರುಂಡೆಯ ಮರಿ. ಪಾಶ್ಚಾತ್ಯರು ಅದರ ಹಾವಳಿಯನ್ನು ಮುಖ್ಯವಾಗಿ ರತ್ನಗಂಬಳಿಗಳಲ್ಲಿ ಕಂಡುದರಿಂದ ಕಾರ್ಪೆಟ್ ಬೀಟಲ್ ಎಂದು ಹೆಸರಿಟ್ಟರು. ನಮ್ಮ ಮನೆಗಳಲ್ಲಿ ರತ್ನಗಂಬಳಿ ಅಪರೂಪ; ಆದುದರಿಂದ ಇಲ್ಲಿ ಅದನ್ನು ಉಣ್ಣೆಜೀರುಂಡೆಯೆಂದು ಕರೆಯೋಣ.

ಬೆಂಗಳೂರಿನ ಪಶ್ಚಿಮದ ಬಡಾವಣೆಗಳಾದ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಲ್ಲಿ ಎರಡು ಮೂರು ತಲೆಮಾರುಗಳನ್ನು ಕಂಡ ಮನೆಗಳು ಅನೇಕವಿವೆ. ಅಂತಹ ಮನೆಯ ಅಟ್ಟದ ಮೇಲೆ ಒಂದು ಕಬ್ಬಿಣದ ಟ್ರಂಕು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅದರೊಳಗೆ ಅಜ್ಜಿಯ ಮದುವೆಯ ರೇಷ್ಮೆಸೀರೆ, ತಾತನ ಉಣ್ಣೆಯ ಕೋಟು, ಪೂಜೆಗೆ ಉಡುವ ಮಗುಟ, ಊರಿನಿಂದ ಬಂದ ಕರಿಯ ಕಂಬಳಿ, ಯಾರೋ ಹೊದಿಸಿದ ಶಾಲು. ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿರುವ ಈ ಊರಿನಲ್ಲಿ ಉಣ್ಣೆ ಬೇಕೆನಿಸುವುದು ಮಾರ್ಗಶಿರ ಪುಷ್ಯಗಳ ಕೆಲವು ವಾರ ಮಾತ್ರ. ವರ್ಷದ ಉಳಿದ ಕಾಲವೆಲ್ಲ ಅದು ಕತ್ತಲೆಯಲ್ಲಿ ಅಲುಗಾಟವಿಲ್ಲದೆ ಬಿದ್ದಿರುತ್ತದೆ. ಹುಳುವನ್ನು ಕೊಲ್ಲುವಷ್ಟು ಚಳಿಯಾಗಲಿ ಸೆಕೆಯಾಗಲಿ ಅಟ್ಟದಲ್ಲಿ ಎಂದೂ ಇರುವುದಿಲ್ಲ. ಉಣ್ಣೆಜೀರುಂಡೆಗೆ ಇದಕ್ಕಿಂತ ಅನುಕೂಲವಾದ ಬಿಡಾರ ಮತ್ತೊಂದಿಲ್ಲ.

ಮನೆಯವರ ಕಣ್ಣಿಗೆ ಮೊದಲು ಬೀಳುವುದು ಬೆಳೆದ ಜೀರುಂಡೆ. ಗಾತ್ರ ಸಾಸಿವೆಕಾಳಿನಷ್ಟು, ಎಂದರೆ 2ರಿಂದ 3 ಮಿಲಿಮೀಟರು. ಬೆನ್ನು ಗುಂಡಗೆ ಉಬ್ಬಿರುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಬಿಳಿ, ಹಳದಿ, ಕಂದು, ಕಪ್ಪು ಬಣ್ಣದ ಸೂಕ್ಷ್ಮ ಹುರುಪೆಗಳು ಚಿಟ್ಟೆಯ ರೆಕ್ಕೆಯಲ್ಲಿರುವಂತೆ ಬೆನ್ನನ್ನು ಚಿತ್ರಿಸಿರುವುದು ಕಾಣುತ್ತದೆ. ಮುಟ್ಟಿದೊಡನೆ ಕಾಲು ಮೀಸೆಗಳನ್ನು ಒಳಕ್ಕೆಳೆದುಕೊಂಡು ಸತ್ತಂತೆ ಬಿದ್ದುಕೊಳ್ಳುತ್ತದೆ. ಕಿಟಕಿಯ ಗಾಜಿನ ಬುಡದಲ್ಲಿ ಇಂತಹವು ನಾಲ್ಕಾರು ಕಂಡರೆ ಮನೆಯವರು ಅವನ್ನು ಒರೆಸಿಹಾಕಿ, ಹೊರಗಿನಿಂದ ಬಂದ ಹುಳುವೆಂದು ಸುಮ್ಮನಾಗುತ್ತಾರೆ. ಇಲ್ಲಿಯೇ ಇರುವುದು ತಪ್ಪು. ಬೆಳೆದ ಜೀರುಂಡೆ ಬಟ್ಟೆಯನ್ನು ತಿನ್ನುವುದೇ ಇಲ್ಲ. ಕೊತ್ತಂಬರಿಯಂತಹ ಗಿಡಗಳ ಬಿಳಿಯ ಹೂಗೊಂಚಲುಗಳಲ್ಲಿ ಪರಾಗ ಮಕರಂದಗಳನ್ನು ತಿಂದು ಕೆಲವು ವಾರ ಬದುಕುವ ನಿರಪಾಯಕಾರಿ ಜೀವಿ ಅದು. ಬೆಳಕನ್ನು ಅರಸಿ ಕಿಟಕಿಗೆ ಬಂದಿತೆಂದರೆ, ಬಹುಮಟ್ಟಿಗೆ ಒಳಗೆ ಕತ್ತಲೆಯಲ್ಲಿ ತನ್ನ ಮೊಟ್ಟೆಗಳನ್ನಿಟ್ಟು ಮುಗಿಸಿ ಹೊರಟಿದೆಯೆಂದೇ ಅರ್ಥ. ಹಾನಿ ಮಾಡುವ ಮರಿಗಳು ಒಳಗೇ ಉಳಿದಿರುತ್ತವೆ.

ಮರಿ ಬೆಳಕನ್ನು ಸಹಿಸದು. ಅದರ ಆಕಾರ ಜೀರಿಗೆಯ ಕಾಳಿಗೆ ಕಂದು ರೋಮ ಹಚ್ಚಿದಂತೆ. ಮೈಮೇಲೆ ತೆಳು ಗಾಢ ಬಣ್ಣಗಳ ಅಡ್ಡಪಟ್ಟೆ. ಬಾಲದ ಕಡೆ ಕುಚ್ಚಿನಂತೆ ಹರಡಿಕೊಳ್ಳುವ ಕೂದಲು. ಈ ಕೂದಲುಗಳ ತುದಿ ಈಟಿಯ ಮೊನೆಯಂತಿದ್ದು ಸುಲಭವಾಗಿ ಕಳಚಿ ಇರುವೆಯಂತಹ ಶತ್ರುಗಳ ಕಾಲು ಬಾಯಿಗಳಿಗೆ ತೊಡಕಾಗುತ್ತದೆ. ಮರಿ ಬೆಳೆಯುತ್ತ ಹಲವು ಸಲ ಪೊರೆ ಕಳಚುತ್ತದೆ. ಟ್ರಂಕಿನ ಮೂಲೆಯಲ್ಲಿ, ಕೋಟಿನ ಕಾಲರಿನ ಮಡಿಕೆಯಲ್ಲಿ ಈ ಟೊಳ್ಳು ಪೊರೆಗಳು ಸಿಕ್ಕಿದರೆ ಅದೇ ನಿಶ್ಚಿತವಾದ ಗುರುತು, ಹುಳು ಕಾಣಲೇಬೇಕೆಂದಿಲ್ಲ.

ಉಣ್ಣೆಯನ್ನು ಅರಗಿಸಿಕೊಳ್ಳುವುದು ಸಾಮಾನ್ಯವಾದ ಸಾಹಸವಲ್ಲ. ಉಣ್ಣೆ, ಕೂದಲು, ಗರಿ, ಉಗುರು ಇವೆಲ್ಲ ಕೆರಟಿನ್ ಎಂಬ ಪ್ರೋಟೀನಿನಿಂದಾದವು. ಅದರ ಅಣುಸರಪಣಿಗಳನ್ನು ಗಂಧಕದ ಪರಮಾಣುಗಳು ಸೇತುವೆಗಳಂತೆ ಒಂದಕ್ಕೊಂದು ಬಿಗಿದಿರುವುದರಿಂದ ನಮ್ಮ ಜಠರಕ್ಕೆ ಅದು ಒಗ್ಗದು. ಉಣ್ಣೆ ತಿನ್ನುವ ಹುಳುಗಳಾದರೋ ತಮ್ಮ ಕರುಳಿನಲ್ಲಿ ಮೊದಲು ಆ ಗಂಧಕದ ಸೇತುವೆಗಳನ್ನು ಮುರಿದು, ಅನಂತರ ಪ್ರೋಟೀನನ್ನು ಒಡೆಯುತ್ತವೆ. ಹತ್ತಿಯಲ್ಲಿರುವುದು ಸೆಲ್ಯುಲೋಸ್, ಪಾಲಿಯೆಸ್ಟರು ಕೃತಕ. ಇವೆರಡೂ ಅವುಗಳಿಗೆ ಆಹಾರವಲ್ಲ. ರೇಷ್ಮೆಯೂ ಪ್ರೋಟೀನೇ ಆದುದರಿಂದ ತಿನ್ನುತ್ತವೆ. ಎಣ್ಣೆ, ಬೆವರು, ಊಟದ ಕಲೆಯಿದ್ದ ಕಡೆಗೆ ಮೊದಲು ಬಾಯಿ ಹಾಕುವುದರಿಂದ, ಒಮ್ಮೆ ಉಟ್ಟು ಒಗೆಯದೆ ಮಡಿಸಿಟ್ಟ ಸೀರೆಗೆ ಅಪಾಯ ಹೆಚ್ಚು.

ಈ ಜೀರುಂಡೆಗಳ ಕುಟುಂಬದ ಹೆಸರು ಡರ್ಮೆಸ್ಟಿಡೆ. ಗ್ರೀಕಿನಲ್ಲಿ ಚರ್ಮ ತಿನ್ನುವುದೆಂದು ಭಾವ. ಗೋದಿಯ ಉಗ್ರಾಣಗಳನ್ನು ಹಾಳುಮಾಡುವ ಖಪ್ರಾ ಜೀರುಂಡೆ ಇದೇ ಕುಟುಂಬಕ್ಕೆ ಸೇರಿದ್ದು. ಕೆಂಗೇರಿಯಿಂದಾಚೆ ಮೈಸೂರು ರಸ್ತೆಯಲ್ಲಿ ಮುಂದುವರಿದರೆ ಸಿಕ್ಕುವ ರಾಮನಗರ ರೇಷ್ಮೆಗೂಡಿನ ದೊಡ್ಡ ಮಾರುಕಟ್ಟೆ. ರೇಷ್ಮೆಗೂಡನ್ನು ಬಹುಕಾಲ ಕೂಡಿಟ್ಟರೆ ಇದೇ ಕುಟುಂಬದ ಡರ್ಮೆಸ್ಟೆಸ್ ಎಂಬ ಜೀರುಂಡೆ ಒಳಗಿನ ಕೋಶದ ಆಸೆಗೆ ಗೂಡನ್ನು ಕೊರೆಯುತ್ತದೆ. ನೂರಾರು ಮೀಟರು ಉದ್ದದ ಒಂದೇ ಎಳೆ ಹಲವೆಡೆ ತುಂಡಾದ ಮೇಲೆ ಆ ಗೂಡಿನಿಂದ ನೂಲು ಬಿಚ್ಚಲಾಗದು. ಇದೇ ಹುಳುಗಳನ್ನು ವಸ್ತುಸಂಗ್ರಹಾಲಯಗಳವರು ಬೇಕೆಂದೇ ಸಾಕಿ, ಪ್ರಾಣಿಗಳ ಅಸ್ಥಿಪಂಜರಕ್ಕೆ ಅಂಟಿದ ಒಣಮಾಂಸವನ್ನು ಅವುಗಳಿಂದ ಶುಚಿಮಾಡಿಸುವುದೂ ಉಂಟು! ನಿಸರ್ಗದಲ್ಲಿ ಇವುಗಳ ಉದ್ಯೋಗವೇ ಅದು. ಸತ್ತ ಪ್ರಾಣಿಯಲ್ಲಿ ಬೇರೆ ಯಾರೂ ಮುಟ್ಟದೆ ಬಿಟ್ಟ ತೊಗಲು, ತುಪ್ಪಳ, ಗರಿಗಳನ್ನು ಮಣ್ಣುಗೂಡಿಸುವುದು.

ಈ ಉದ್ಯೋಗವನ್ನು ನೆನಪಿನಲ್ಲಿಟ್ಟುಕೊಂಡರೆ ಮನೆಗೆ ಹುಳು ಎಲ್ಲಿಂದ ಬಂದಿತೆಂಬುದು ತಿಳಿಯುತ್ತದೆ. ಟ್ರಂಕು ಅದರ ಎರಡನೆಯ ಮನೆ; ಮೊದಲನೆಯದು ಬಹಳ ಸಲ ಹಕ್ಕಿಯ ಗೂಡು. ಬಹುಮಹಡಿ ಕಟ್ಟಡಗಳ ಗಾಳಿಕಿಂಡಿ, ಕೊಳವೆಗಳ ಓಣಿ, ಹವಾನಿಯಂತ್ರಕದ ಹಿಂಬದಿ ಇವೆಲ್ಲ ಪಾರಿವಾಳಗಳ ವಾಸ. ಉದುರಿದ ಗರಿ, ಸತ್ತ ಮರಿ, ಒಡೆದ ಮೊಟ್ಟೆ ಅಲ್ಲಿ ಸದಾ ಇರುತ್ತವೆ. ಕಿಟಕಿಯ ಚೌಕಟ್ಟಿನಲ್ಲಿ ಕಡಜ ಕಟ್ಟಿದ ಮಣ್ಣಿನ ಗೂಡು, ವಿದ್ಯುದ್ದೀಪದ ಬಟ್ಟಲಿನಲ್ಲಿ ತುಂಬಿದ ಸತ್ತ ಪತಂಗಗಳು, ಅಟ್ಟದಲ್ಲಿ ಒಣಗಿದ ಇಲಿ, ಮಂಚದ ಕೆಳಗೆ ಉಂಡೆಗಟ್ಟಿದ ಕೂದಲು ಇವೂ ಅದೇ ಜಾತಿಯವು. ಇವನ್ನು ಹಾಗೆಯೇ ಬಿಟ್ಟು ಬಟ್ಟೆಗೆ ಮಾತ್ರ ಚಿಕಿತ್ಸೆ ಮಾಡುವುದು ಸೋರುವ ಮಾಡನ್ನು ಬಿಟ್ಟು ನೆಲವನ್ನು ಒರೆಸಿದಂತೆ. ಗೂಡಿನಲ್ಲಿ ಮರಿಗಳಿದ್ದರೆ ಅವು ಹಾರಿಹೋಗುವವರೆಗೆ ಕಾದು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಕಸವನ್ನು ನೀರು ಚಿಮುಕಿಸಿ ತೆಗೆದು, ಕಿಂಡಿಗೆ ಜಾಲರಿ ಹಾಕಿಸಬೇಕು.

ಬಟ್ಟೆಯಲ್ಲಿ ತೂತಾದ ಮಾತ್ರಕ್ಕೆ ಇದೇ ಹುಳುವೆನ್ನಲಾಗದು. ನುಸಿಪತಂಗದ ಮರಿ ನೂಲಿನ ಬಲೆಯನ್ನೋ ಚೀಲವನ್ನೋ ಬಿಟ್ಟಿರುತ್ತದೆ. ಉಣ್ಣೆಜೀರುಂಡೆ ಪೊರೆ ಬಿಡುತ್ತದೆ, ಬಲೆ ನೇಯುವುದಿಲ್ಲ. ಗಂಜಿ ಹಾಕಿದ ಹತ್ತಿಬಟ್ಟೆ, ಪುಸ್ತಕದ ರಟ್ಟು ಸವೆದಿದ್ದರೆ ಅದು ಬೆಳ್ಳಗೆ ಹೊಳೆಯುತ್ತ ಓಡುವ ಬೆಳ್ಳಿಹುಳುವಿನ ಕೆಲಸ.

ಇನ್ನೊಂದು ಗೊಂದಲ ಇದಕ್ಕಿಂತ ಹೆಚ್ಚು ತೊಂದರೆ ಕೊಡುತ್ತದೆ. ಮರಿಯ ಉದುರಿದ ಕೂದಲುಗಳು ಹೊದಿಕೆಗೆ ಅಂಟಿ ಕೆಲವರ ಚರ್ಮದಲ್ಲಿ ತುರಿಕೆಯನ್ನೂ ಕೆಂಪು ಗುಳ್ಳೆಗಳನ್ನೂ ಎಬ್ಬಿಸುತ್ತವೆ. ತಿಗಣೆಯೆಂದು ಭಾವಿಸಿ ಹಾಸಿಗೆಗೆಲ್ಲ ಕೀಟನಾಶಕ ಸಿಂಪಡಿಸಿದರೂ ತುರಿಕೆ ನಿಲ್ಲುವುದಿಲ್ಲ. ಈ ಹುಳು ಕಚ್ಚುವುದಿಲ್ಲ, ರಕ್ತ ಹೀರುವುದಿಲ್ಲ. ಹಾಸಿಗೆಯಲ್ಲಿ ರಕ್ತದ ಚುಕ್ಕೆಗಳಾಗಲಿ ತಿಗಣೆಯಾಗಲಿ ಕಾಣದಿದ್ದರೆ ಹಳೆಯ ಕಂಬಳಿಯನ್ನು ಪರೀಕ್ಷಿಸಿ ನೋಡುವುದೊಳ್ಳೆಯದು.

ನಿವಾರಣೆಯಲ್ಲಿ ಮೊದಲ ಸ್ಥಾನ ಕಸಬರಿಕೆಗೂ ಕುಂಚಕ್ಕೂ ಸಲ್ಲಬೇಕು. ನಿರ್ವಾತ ಕಸಗುಡಿಸುವ ಯಂತ್ರವಿದ್ದರೆ ಇನ್ನೂ ಮೇಲು. ಅದರ ಚೀಲವನ್ನು ಕೂಡಲೇ ಮನೆಯಿಂದಾಚೆ ಹಾಕಬೇಕು. ವರ್ಷಕ್ಕೆರಡು ಸಲ ಟ್ರಂಕನ್ನು ಬರಿದುಮಾಡಿ ಬಟ್ಟೆಗಳನ್ನು ಬಿಸಿಲಿಗೆ ಹರಡುತ್ತಿದ್ದ ನಮ್ಮ ಅಜ್ಜಿಯರ ಪದ್ಧತಿ ಶಾಸ್ತ್ರಸಮ್ಮತವೇ: ಬೆಳಕಿಗೆ ಮರಿಗಳು ಓಡುತ್ತವೆ, ಕೊಡವಿದಾಗ ಮೊಟ್ಟೆಗಳು ಉದುರುತ್ತವೆ. ಬಣ್ಣದ ರೇಷ್ಮೆಯನ್ನು ಮಾತ್ರ ನೆರಳಿನಲ್ಲಿ ಹರಡಿ ಮೃದುವಾಗಿ ಕೊಡವಬೇಕು. ಆದರೆ ಖಚಿತವಾಗಿ ಕೊಲ್ಲುವುದು ಶೀತ. ಬಟ್ಟೆಯನ್ನು ಹತ್ತಿಯ ವಸ್ತ್ರದಲ್ಲಿ ಸುತ್ತಿ, ಪಾಲಿಥೀನ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ, −18 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಫ್ರೀಜರಿನಲ್ಲಿ ಎರಡು ವಾರ ಇಟ್ಟರೆ ಮೊಟ್ಟೆಯೂ ಉಳಿಯುವುದಿಲ್ಲ. ಹೊರಗೆ ತೆಗೆದ ಮೇಲೆ ಒಂದು ದಿನ ಚೀಲವನ್ನು ಬಿಚ್ಚಕೂಡದು. ಬಿಚ್ಚಿದರೆ ಗಾಳಿಯ ತೇವ ಬಟ್ಟೆಯ ಮೇಲೆ ಹನಿಗಟ್ಟುತ್ತದೆ. ಹಳೆಯ ಒಂಟಿಬಾಗಿಲಿನ ರೆಫ್ರಿಜರೇಟರುಗಳ ಮಂಜಿನ ಅರೆ ಅನೇಕ ವೇಳೆ ಇಷ್ಟು ತಣ್ಣಗಾಗುವುದಿಲ್ಲ. ಅಂತಹವರು ಡ್ರೈಕ್ಲೀನಿಂಗಿಗೆ ಕೊಡುವುದು ಲೇಸು.

ನುಸಿಗುಳಿಗೆಯ ವಿಷಯದಲ್ಲಿ ಎಚ್ಚರಿಕೆ ಅಗತ್ಯ. ನ್ಯಾಫ್ತಲೀನಿನ ಆವಿ ಗಾಳಿಯಾಡದ ಪೆಟ್ಟಿಗೆಯಲ್ಲಿ ಸಾಕಷ್ಟು ದಟ್ಟವಾದರೆ ಮಾತ್ರ ಹುಳುವನ್ನು ಕೊಲ್ಲುತ್ತದೆ. ಬೀರುವಿನಲ್ಲಿ ಎಸೆದ ಎರಡು ಗುಳಿಗೆಗಳಿಂದ ವಾಸನೆಯ ಹೊರತು ಹೆಚ್ಚಿನ ಫಲವಿಲ್ಲ. ಅದಕ್ಕಿಂತ ಮುಖ್ಯವಾದುದು ಎಳೆಯ ಮಕ್ಕಳ ಕ್ಷೇಮ. ಹುಟ್ಟಿನಿಂದಲೇ ಜಿ-6-ಪಿ-ಡಿ ಎಂಬ ಕಿಣ್ವದ ಕೊರತೆಯುಳ್ಳ ಶಿಶುಗಳಲ್ಲಿ ನ್ಯಾಫ್ತಲೀನ್ ಕೆಂಪು ರಕ್ತಕಣಗಳನ್ನು ಒಡೆದು, ರಕ್ತಹೀನತೆಯನ್ನೂ ತೀವ್ರವಾದ ಕಾಮಾಲೆಯನ್ನೂ ತರುತ್ತದೆ. ಈ ಕೊರತೆ ಹೊರನೋಟಕ್ಕೆ ತಿಳಿಯದು. ಗುಳಿಗೆಯ ನಡುವೆ ವರ್ಷಗಟ್ಟಲೆ ಇದ್ದ ಅಜ್ಜಿಯ ಮೆತ್ತನೆಯ ಸೀರೆಯನ್ನೋ ಶಾಲನ್ನೋ ತೆಗೆದು ನೇರವಾಗಿ ತೊಟ್ಟಿಲ ಮಗುವಿಗೆ ಸುತ್ತುವ ವಾತ್ಸಲ್ಯ ಇಲ್ಲಿ ಅಪಾಯಕರ. ಕೂಸಿರುವ ಮನೆಯಲ್ಲಿ ಆ ಗುಳಿಗೆಯೇ ಬೇಡ. ಬಜೆಯ ಬೇರು, ಬೇವಿನ ಎಲೆ ಹುಳುವನ್ನು ದೂರವಿಡಲು ಅಲ್ಪಸ್ವಲ್ಪ ನೆರವಾಗಬಹುದು. ಈಗಾಗಲೇ ಸೇರಿಕೊಂಡ ಮರಿಗಳನ್ನು ಅವು ತೊಲಗಿಸುತ್ತವೆಂದು ನಂಬಬಾರದು.

ಒಮ್ಮೆ ಶುಚಿಮಾಡಿದ ಮೇಲೆ ಪರೀಕ್ಷೆಯನ್ನು ಕೈಬಿಡುವಂತಿಲ್ಲ. ಮರಿಯ ಅವಸ್ಥೆಯೇ ತಿಂಗಳುಗಟ್ಟಲೆ, ಕೆಲವು ವೇಳೆ ವರ್ಷಕ್ಕೂ ಮಿಗಿಲಾಗಿ ನಡೆಯುತ್ತದೆ. 1950ರ ದಶಕದ ಕೊನೆಯಲ್ಲಿ ಬ್ಲೇಕ್ ಎಂಬ ವಿಜ್ಞಾನಿ ಒಂದು ಜಾತಿಯ ಮರಿಗಳನ್ನು ಒಂದೇ ಉಷ್ಣತೆಯಲ್ಲಿ, ಹಗಲಿರುಳುಗಳ ಸುಳಿವಿಲ್ಲದಂತೆ ಬೆಳೆಸಿದಾಗಲೂ ಅವು ಹೆಚ್ಚುಕಡಮೆ ವರ್ಷಕ್ಕೊಮ್ಮೆ ಬರುವ ಕಾಲಕ್ಕೇ ಕೋಶವಾಗುತ್ತಿದ್ದುದನ್ನು ತೋರಿಸಿದನು; ಹುಳುವಿನೊಳಗೇ ಒಂದು ವಾರ್ಷಿಕ ಗಡಿಯಾರವಿದೆಯೆಂದಾಯಿತು. ಆದುದರಿಂದ ಒಂದು ಪೂರ್ಣ ವರ್ಷ, ತಿಂಗಳಿಗೊಮ್ಮೆ ಎಲ್ಲ ಕೋಣೆಗಳ ಕಿಟಕಿಯ ಬುಡವನ್ನು ನೋಡಿ, ಸಿಕ್ಕ ಜೀರುಂಡೆಗಳನ್ನು ಎಣಿಸಿ ಬರೆದಿಡಬೇಕು. ಯಾವ ಕೋಣೆಯಲ್ಲಿ ಎಣಿಕೆ ಹೆಚ್ಚೋ ಆ ಕೋಣೆಯ ಅಟ್ಟ, ಮೂಲೆ, ಗಾಳಿಕಿಂಡಿಗಳನ್ನು ಮತ್ತೊಮ್ಮೆ ಹುಡುಕತಕ್ಕದ್ದು.