ಹೆಸರು ಅಳಿಸಿದರೆ ಸಾಲದು

ರಕ್ತಹೀನತೆ, ದೃಷ್ಟಿದೋಷ, ಹದಿಹರೆಯದವರ ಮಾನಸಿಕ ಆರೋಗ್ಯ ಮುಂತಾದ ವಿಷಯಗಳ ಅಧ್ಯಯನಕ್ಕೆ ಸಂಶೋಧಕರು ಶಾಲೆಗಳಿಗೆ ಬರುವುದುಂಟು. ಮಗುವಿನ ಕೈಯಲ್ಲಿ ಮನೆಗೆ ಬರುವ ಒಪ್ಪಿಗೆ ಪತ್ರದಲ್ಲಿ ಮಾಹಿತಿಯನ್ನು ಗೌಪ್ಯವಾಗಿಡುವ ಭರವಸೆ ಇರುತ್ತದೆ. ಆ ಭರವಸೆಯನ್ನು ಮೊದಲೇ ಪರೀಕ್ಷಿಸಬೇಕಾದದ್ದು ನೈತಿಕ ಸಮಿತಿ, ಅಂದರೆ ಎಥಿಕ್ಸ್ ಕಮಿಟಿ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ, ಮನುಷ್ಯರ ಮೇಲಿನ ಆರೋಗ್ಯ ಸಂಶೋಧನೆ ಈ ಸಮಿತಿಯ ಪರಿಶೀಲನೆಗೆ ಒಳಪಡಬೇಕು. ವೈದ್ಯರ ಜೊತೆಗೆ ಕಾನೂನು ತಿಳಿದವರೊಬ್ಬರು, ಸಾಮಾನ್ಯ ನಾಗರಿಕರೊಬ್ಬರು ಅದರಲ್ಲಿರುತ್ತಾರೆ. ಅಧ್ಯಕ್ಷರು ಸಂಸ್ಥೆಯ ಹೊರಗಿನವರು. ಹೆಸರಿನ ಬದಲು ಸಂಕೇತಸಂಖ್ಯೆ ಬಳಸುವರೇ, ಆ ಸಂಖ್ಯೆಯ ಕೀಲಿಪಟ್ಟಿ ಯಾರ ವಶದಲ್ಲಿರುತ್ತದೆ, ಪ್ರಶ್ನೆಗಳನ್ನು ಪ್ರತ್ಯೇಕ ಕೋಣೆಯಲ್ಲಿ ಕೇಳುವರೇ, ಭಾವಚಿತ್ರ ಪ್ರಕಟವಾಗುವುದೇ ಎಂಬುದನ್ನೆಲ್ಲ ಅದು ವಿಚಾರಿಸಬೇಕು.

ಹೆಸರು ತೆಗೆದ ಮಾತ್ರಕ್ಕೆ ಗುರುತು ಮರೆಯಾಗುವುದಿಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1990ರ ದಶಕದಲ್ಲಿ ಸರ್ಕಾರಿ ನೌಕರರ ಆಸ್ಪತ್ರೆ ದಾಖಲೆಗಳನ್ನು ಹೆಸರಿಲ್ಲದೆ ಸಂಶೋಧಕರಿಗೆ ಒದಗಿಸಲಾಯಿತು. ಆಗ ವಿದ್ಯಾರ್ಥಿನಿಯಾಗಿದ್ದ ಲತಾನ್ಯಾ ಸ್ವೀನಿ 20 ಡಾಲರು ಕೊಟ್ಟು ಕೇಂಬ್ರಿಜ್ ನಗರದ ಮತದಾರರ ಪಟ್ಟಿಯನ್ನು ಕೊಂಡರು. ಜನ್ಮದಿನ, ಲಿಂಗ, ಅಂಚೆ ಸಂಖ್ಯೆ, ಈ ಮೂರನ್ನೇ ತಾಳೆ ನೋಡಿ, ಆ ನಗರದ ನಿವಾಸಿಯಾಗಿದ್ದ ಗವರ್ನರ್ ವಿಲಿಯಂ ವೆಲ್ಡ್ ಅವರ ದಾಖಲೆಯನ್ನು ಪತ್ತೆಹಚ್ಚಿದರು.

ನಗರದ ಜನಸಂದಣಿಯಲ್ಲೇ ಹೀಗಾದರೆ, ಕಾಸರಗೋಡಿನದೋ ಜತ್ತದ್ದೋ ಸಣ್ಣ ಕನ್ನಡ ಶಾಲೆಯೊಂದರ ಮಾತೇನು? 'ಎಂಟನೆಯ ತರಗತಿ, ಕನ್ನಡ ಮಾಧ್ಯಮ, ತಾಯಿ ಬೀಡಿ ಕಟ್ಟುತ್ತಾರೆ' ಎಂದು ವರದಿಯಲ್ಲಿ ಬರೆದರೆ ಸಾಕು, ಊರಿಗೆ ಊರೇ ಆ ಹುಡುಗಿಯನ್ನು ಗುರುತಿಸುತ್ತದೆ. ಭಾಷಾ ಅಲ್ಪಸಂಖ್ಯಾತರ ನಡುವೆ ನಡೆಯುವ ಅಧ್ಯಯನದಲ್ಲಿ ಮಾಧ್ಯಮದ ಉಲ್ಲೇಖವೇ ವಿಳಾಸವಾಗಬಲ್ಲದು. ದೂರದ ನಗರದ ಸಮಿತಿಗೆ ಇದು ಹೊಳೆಯದೆ ಹೋಗಬಹುದು, ಪೋಷಕರೇ ಕೇಳಬೇಕು.

ಮಾಹಿತಿ ಪತ್ರವು ಪಾಲ್ಗೊಳ್ಳುವವರಿಗೆ ತಿಳಿಯುವ ಭಾಷೆಯಲ್ಲಿರಬೇಕೆಂಬುದೂ ನಿಯಮವೇ. ಕನ್ನಡದ ಪ್ರತಿಯನ್ನು ಕೇಳುವುದು ಬರಿಯ ಭಾಷಾಭಿಮಾನವಲ್ಲ. ಪ್ರಶ್ನಾವಳಿ ಮಲಯಾಳದಲ್ಲೋ ಮರಾಠಿಯಲ್ಲೋ ಇದ್ದು, ನೆರೆಮನೆಯವರು ಅದನ್ನು ಓದಿ ವಿವರಿಸಬೇಕಾದರೆ, ಮನೆಯ ಕಾಯಿಲೆಯ ಗುಟ್ಟು ಅಲ್ಲಿಯೇ ರಟ್ಟಾಗುತ್ತದೆ.

ಮುಖ್ಯೋಪಾಧ್ಯಾಯರು ಅನುಮತಿ ನೀಡಿದರೆಂದು ಪೋಷಕರ ಒಪ್ಪಿಗೆ ಬೇಡವಾಗುವುದಿಲ್ಲ. ಅಂದಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿ 2009ರಲ್ಲಿ ಆರಂಭವಾದ ಎಚ್‌ಪಿವಿ ಲಸಿಕೆಯ ಅಧ್ಯಯನದಲ್ಲಿ ಎಷ್ಟೋ ಬಾಲಕಿಯರ ಪತ್ರಗಳಿಗೆ ವಸತಿನಿಲಯದ ವಾರ್ಡನ್‌ಗಳೇ ಸಹಿ ಹಾಕಿದ್ದರು. 2013ರಲ್ಲಿ ಸಂಸದೀಯ ಸ್ಥಾಯಿ ಸಮಿತಿ ಇದನ್ನು ಕಟುವಾಗಿ ಟೀಕಿಸಿತು. ಮಗುವಿನ ಮಾತಿಗೂ ಬೆಲೆಯಿದೆ: 7 ವರ್ಷ ದಾಟಿದವರ ಮೌಖಿಕ ಸಮ್ಮತಿ, 12 ದಾಟಿದವರ ಲಿಖಿತ ಸಮ್ಮತಿ ಬೇಕು.

ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿತು. ಅರ್ಜಿದಾರರಾಗಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ.

ಒಪ್ಪಿಗೆ ಕೊಟ್ಟ ಮೇಲೂ ಕಾರಣ ಹೇಳದೆ ಹಿಂದೆ ಸರಿಯಬಹುದು. ನೈತಿಕ ಸಮಿತಿಯನ್ನು ಸಂಪರ್ಕಿಸುವ ವಿವರ ಮಾಹಿತಿ ಪತ್ರದಲ್ಲೇ ಇರಬೇಕು. ದೂರು ನೀಡಲು ಶಾಲೆಯ ಮೂಲಕ ಹೋಗಬೇಕಿಲ್ಲ.