ರಾಜನ್–ನಾಗೇಂದ್ರರ ಇಳಿಹೊತ್ತಿನ ಹಾಡುಗಳು

ಗಾಂಧಿಬಾಗಿನ ಜವಳಿ ಅಂಗಡಿಗಳು ಬಾಗಿಲು ಹಾಕಿದ ಮೇಲೆ ನಾವು ನಾಲ್ಕು ಮನೆಯವರು ಕೂಡಿದೆವೆಂದರೆ ಹಾಡಿನ ಸರದಿ ಬಂದೇ ಬರುತ್ತದೆ. ರಾಜನ್–ನಾಗೇಂದ್ರ ಎಂದೊಡನೆ ಹಿರಿಯರು ಬಯಸುವುದು ‘ಎರಡು ಕನಸು’ (೧೯೭೪), ‘ಬಯಲುದಾರಿ’ (೧೯೭೬). ಮೈಸೂರಿನ ಈ ಸೋದರರ ಸಂಗೀತ ಅಲ್ಲಿಗೇ ನಿಂತಿತೇ? ಇಲ್ಲ.

೧೯೮೫ರ ‘ಬೆಟ್ಟದ ಹೂವು’ ಚಿತ್ರದಲ್ಲಿ ಬಾಲಕ ಪುನೀತ್ ತಾನೇ ಹಾಡಿದ್ದಾನೆ. ರಾಗ ಸರಳ, ಮಗುವಿನ ಕೊರಳಿಗೆ ಹೊಂದುವಂಥದು. ೧೯೮೮ರ ‘ಸುಪ್ರಭಾತ’ದಲ್ಲಿ ಬಾಲಸುಬ್ರಹ್ಮಣ್ಯಂ, ಚಿತ್ರಾ ಇವರ ದನಿಗಳಿಗೆ ಹಿತಮಿತವಾದ ವಾದ್ಯಗಳು. ಹಿಂದಿನ ವರ್ಷವಷ್ಟೇ ‘ಪ್ರೇಮಲೋಕ’ ಬಂದು ಕೇಳುಗರ ರುಚಿಯನ್ನೇ ಬದಲಿಸಿತ್ತು. ಆದರೂ ಸೋದರರು ತಮ್ಮ ಮಾಧುರ್ಯವನ್ನು ಬಿಡಲಿಲ್ಲ.

ಇಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಮರಾಠಿ, ಹಿಂದಿ ಸಲೀಸು, ಕನ್ನಡವೆಂದರೆ ತಡವರಿಕೆ. ನಮ್ಮ ಅಚ್ಚುಮೆಚ್ಚಿನ ಹಾಡು ಬಂದಾಗ ಎದ್ದು ಹೋಗುತ್ತಿದ್ದ ಅವರು, ಪುನೀತನ ದನಿ ಕೇಳಿದ ಸಂಜೆ ಕುಳಿತೇ ಇದ್ದರು. ಒಂದೊಂದು ಮಾತಿಗೂ ಅರ್ಥ ಕೇಳಿದರು. ಆ ಚಿತ್ರದ ಬಡಹುಡುಗನು ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಕೊಳ್ಳಲು ಕಾಸು ಕೂಡಿಸುವ ಕಥೆ ಹೇಳಿದೆವು. “ಆ ಪುಸ್ತಕ ನಮ್ಮಲ್ಲಿದೆಯೇ?” ಎಂದಿತು ಒಂದು ಮಗು. ನಾವು ಮುಖ ಮುಖ ನೋಡಿಕೊಂಡೆವು.

ನಾಗೇಂದ್ರರು ೨೦೦೦ದಲ್ಲಿ, ರಾಜನ್ ೨೦೨೦ರಲ್ಲಿ ತೀರಿಕೊಂಡರು. ಮುಂದಿನ ಕೂಟದಲ್ಲಿ ನಮ್ಮ ಹಾಡೊಂದಾದರೆ ಮಕ್ಕಳ ಹಾಡೊಂದಿರಲಿ. ಪುಸ್ತಕವನ್ನೂ ತರಿಸೋಣ.